ಕೆಂಪಾದ ಗೋಡೆಗೆ ಬೇಕಾದದ್ದು ಬಿಸಿಲು, ಬೀಗವಲ್ಲ

ಮಾನ್ಯ ಪಂಚಾಯತು ಕಾರ್ಯದರ್ಶಿಯವರೇ,

ಇವತ್ತು ಏಕಾದಶಿ. ಬೆಳಿಗ್ಗೆ ಎದ್ದು ದನ ಕರೆದು, ಅಂಗಳ ಗುಡಿಸಿ, ತುಳಸಿಗೆ ನೀರೆರೆದು, ದೇವರಿಗೆ ದೀಪ ಇಟ್ಟು, ಉಪವಾಸ ಮಾಡದ ಯಜಮಾನರಿಗೆ ಉಪ್ಪಿಟ್ಟು ಮಾಡಿಕೊಟ್ಟು ಪೇಪರಿಗೆ ಕಳುಹಿಸುವ ಈ ಕಾಗದಕ್ಕೆ ಕೂತಿದ್ದೇನೆ. ಮಾತು ಎಲ್ಲಾದರೂ ಖಾರವಾದರೆ ಖಾಲಿ ಹೊಟ್ಟೆಯ ಲೆಕ್ಕಕ್ಕೆ ಹಾಕಿಕೊಳ್ಳಿ. ವಿಷಯ ಇಷ್ಟೇ. ನಮ್ಮ ಊರಿನ ಸಾಂಸ್ಕೃತಿಕ ನಿಲಯಕ್ಕೆ ನೀವು ಬೀಗ ಹಾಕಿಸಿದ್ದೀರಿ. ಇವತ್ತು ಸಂಜೆ ಅದರೊಳಗೆ ನಾನು ಮಾತಾಡಬೇಕಿತ್ತು, ಐವತ್ತು ವರ್ಷದ ಬಾಳಿನಲ್ಲಿ ಮೊದಲ ಸಲ, ನಾಲ್ಕು ಜನರ ಎದುರು ಎದ್ದು ನಿಂತು. ಬೀಗ ಹಾಕಲು ನೀವು ಕೊಟ್ಟ ಕಾರಣ ನಾವು ಮಾಟ ಮಾಡಿದ್ದೇವೆ ಎಂಬುದು.

ನಿಮ್ಮ ಕಾಗದದಲ್ಲಿ ಮಾಟ ಎಂಬ ಶಬ್ದ ಇಲ್ಲ, ಒಪ್ಪಿದೆ. "ಸರಕಾರಿ ಕಟ್ಟಡದಲ್ಲಿ ನಿಗೂಢ ಸ್ವರೂಪದ ಆಚರಣೆ ನಡೆದಂತೆ ಕಂಡುಬಂದಿದೆ" ಎಂದು ಉಂಟು. ಅದೂ ಮಲಯಾಳದಲ್ಲಿ. ನಾವು ಕನ್ನಡದಲ್ಲಿ ಕೇಳುವುದು, ನೀವು ಮಲಯಾಳದಲ್ಲಿ ಹೇಳುವುದು ಗಡಿಯ ಈಚೆಗೆ ಬಿದ್ದ ನಮ್ಮ ಊರಿನ ವಾಡಿಕೆ, ಅದಕ್ಕೆ ಬೇಸರ ಇಲ್ಲ. ನನ್ನ ಸೊಸೆ ದೀಪಶ್ರೀ ಓದಿ ಹೇಳಿದಳು. ಹೇಳಿ, "ಅತ್ತೇ, ನೀವು ಇಷ್ಟು ದೊಡ್ಡ ಮಂತ್ರವಾದಿ ಅಂತ ಗೊತ್ತಿದ್ದರೆ ನಾನು ಮೊದಲೇ ಸ್ವಲ್ಪ ಹೆದರಿಕೊಂಡು ಇರುತ್ತಿದ್ದೆ" ಎಂದಳು.

ಏಕಾದಶಿಯ ಸಂಜೆ ನಾವು ಅಲ್ಲಿ ಎಂತ ಮಾಡುತ್ತೇವೆ ಎಂದು ಹೇಳುತ್ತೇನೆ, ಕೇಳಿ. ಮಾತಾಡುತ್ತೇವೆ, ಸಲಕ್ಕೊಬ್ಬರ ಸರದಿಯಂತೆ. ಏಕಾದಶಿಯೇ ಯಾಕೆಂದರೆ ಅವತ್ತು ಉಪ್ಪಿಟ್ಟು ಬಿಟ್ಟರೆ ರಾತ್ರಿಯ ಅಡಿಗೆ ಇಲ್ಲ. ನಮ್ಮಂಥವರಿಗೆ ದೇವರೇ ಮಂಜೂರು ಮಾಡಿದ ರಜೆ ಅದು. ಮಾತು ಶುರುವಾದದ್ದು ಒಂದು ಬಿಳಿ ಪಂಚೆಯಿಂದ. ಯಜಮಾನರ ಪಂಚೆಗೆ ಅರಸಿನದ ಕಲೆ ಆಗಿತ್ತು. ಸಾಬೂನು ಹಾಕಿ ತಿಕ್ಕಿದೆ, ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ದೇವಿಗೆ ಎಂತದೋ ಕೋಪ ಎಂದು ಹೆದರಿ ಒಂದು ತೆಂಗಿನಕಾಯಿ ಹರಸಿಕೊಂಡೆ. ಪಕ್ಕದ ಮನೆಯ ಗೌತಮಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಬೇಲಿಯ ಆಚೆಯಿಂದ ನಕ್ಕಳು.

"ಚಿಕ್ಕಮ್ಮಾ, ದೇವಿಗಲ್ಲ ಕೋಪ, ಸಾಬೂನಿಗೆ. ಸುಣ್ಣದಲ್ಲಿರುವ ಕ್ಷಾರದ ಗುಣ ಸಾಬೂನಿನಲ್ಲೂ ಉಂಟು. ಅರಸಿನಕ್ಕೆ ಅದು ತಾಗಿದರೆ ಕೆಂಪೇ."

ಅವಳು ಹಾಗೆ ಹೇಳುವಾಗ ಹೊನ್ನಯ್ಯಣ್ಣ ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು. ಅವರು ಯಕ್ಷಗಾನ ಮೇಳದಲ್ಲಿ ಬಣ್ಣ ಹಚ್ಚುವವರು. "ಹಾಗಾದರೆ ಆ ದಿನ ನಮ್ಮ ಅರಸನಿಗೆ ಆದದ್ದು ಅದೇ" ಎಂದರು. ಒಂದು ಆಟದಲ್ಲಿ ಶಾಂತ ಸ್ವಭಾವದ ಅರಸನ ವೇಷಕ್ಕೆ ಕೂತವರು ಮದುವೆಮನೆಯಿಂದ ನೇರ ಬಂದಿದ್ದರಂತೆ, ಕೆನ್ನೆಯಲ್ಲಿ ಅರಸಿನ ಹಾಗೇ ಇತ್ತಂತೆ. ಅದರ ಮೇಲೆ ಸುಣ್ಣ ಬೆರೆಸಿದ ಅಕ್ಕಿಹಿಟ್ಟಿನ ಚುಟ್ಟಿಯ ಚುಕ್ಕೆ ಇಟ್ಟರೆ ಕೆನ್ನೆ ಕೆಂಡ. "ಅರಸ ಕ್ಷಮೆಯೇ ಧರ್ಮ ಅಂತ ಅರ್ಥ ಹೇಳುವುದು, ಮುಖ ನೋಡಿದರೆ ಈಗ ಯಾರನ್ನೋ ತಿನ್ನುವ ಹಾಗೆ. ಎದುರು ಕೂತವರು ನಗಾಡಿದ್ದೇ ನಗಾಡಿದ್ದು, ಅಕ್ಕಾ."

ಆಗ ನನ್ನ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು. ಹೋಗಲೇ ಇಲ್ಲ. ಮದುಮಕ್ಕಳಿಗೆ, ಬಾಣಂತಿಗೆ, ಮಗುವಿಗೆ ದೃಷ್ಟಿ ತೆಗೆಯಲು ನಾವು ಅರಸಿನ ಸುಣ್ಣ ಕದಡಿ ಕೆಂಪು ನೀರು ಮಾಡುತ್ತೇವಲ್ಲ, ಕುರ್ದಿ ಎನ್ನುವುದು, ಅದರ ಗುಟ್ಟು ಇಷ್ಟೆಯೋ? ಇಷ್ಟೇ ಆದರೆ ನಾನು ಇಷ್ಟು ವರ್ಷ ಮುಖದ ಸುತ್ತ ಸುಳಿದದ್ದು ಯಾವುದರ ಆರತಿ? ಗೌತಮಿ ಹೇಳಿದಳು, "ನೀರು ಯಾಕೆ ಕೆಂಪಾಗುತ್ತದೆ ಅಂತ ನಾನು ಹೇಳಬಲ್ಲೆ ಚಿಕ್ಕಮ್ಮಾ. ನೀವು ಯಾಕೆ ಸುಳಿಯುತ್ತೀರಿ ಅಂತ ನೀವೇ ಹೇಳಬೇಕು." ಆ ಉತ್ತರವನ್ನೇ ನಾನು ಇವತ್ತು ಹೇಳಬೇಕಿತ್ತು, ಮಾನ್ಯರೇ.

ಈಗ ಅಪರಾಧದ ವಿಷಯಕ್ಕೆ ಬರುತ್ತೇನೆ. ಹಿಂದಿನ ಏಕಾದಶಿಯಂದು ಹೊನ್ನಯ್ಯಣ್ಣನ ಸರದಿ, ರಾಕ್ಷಸ ವೇಷದ ಬಣ್ಣಗಳ ಬಗ್ಗೆ. ಗೌತಮಿ ತೋರಿಸಲೆಂದು ಒಂದು ಬೋಗುಣಿ ಅರಸಿನ ನೀರು ತಂದು ಬೆಂಚಿನ ಮೇಲೆ ಇಟ್ಟಿದ್ದಳು. ಹೊನ್ನಯ್ಯಣ್ಣ ಮಾತಿನಲ್ಲಿ ನಿಲ್ಲುವ ಜನ ಅಲ್ಲ. ಹೆಗಲಿನ ಬೈರಾಸನ್ನು ತೆರೆಯ ಹಾಗೆ ಹಿಡಿದು, ಆರ್ಭಟೆ ಕೊಟ್ಟು, ರಾಕ್ಷಸ ರಂಗಕ್ಕೆ ಹೊಗುವುದನ್ನು ತೋರಿಸಿದರು. ಕೈ ಬೀಸಿದ ರಭಸಕ್ಕೆ ಬೋಗುಣಿ ಹಾರಿ ನೀರು ಗೋಡೆಗೆ. ಅದು ನಿಮ್ಮ ಪಂಚಾಯತು ಆಗಷ್ಟೇ ಸುಣ್ಣ ಬಳಿಸಿದ ಪಡುಗೋಡೆ. ನಮ್ಮ ಕಣ್ಣೆದುರೇ ಹಳದಿ ಕೆಂಪಾಗಿ ಕೆಳಗಿಳಿಯಿತು. ಹೆಂಗಸರೆಲ್ಲ ಓಡಿಹೋಗಿ ಕೈಯಲ್ಲೇ ಒರಸಿದೆವು. ಗೋಡೆ ತುಂಬ ಕೆಂಪು ಕೈಗಳ ಅಚ್ಚು. ಸುಬ್ಬಲಕ್ಷ್ಮಿ ಅತ್ತಿಗೆ, ನಮ್ಮಲ್ಲಿ ಹಿರಿಯರು, ಕೂತಲ್ಲಿಂದಲೇ ಹೇಳಿದರು, "ಹೊನ್ನಯ್ಯಾ, ಮುಖ ಸಾಲದೆ ಈಗ ಗೋಡೆಗೂ ವೇಷ ಕಟ್ಟಿದೆಯಾ ಮಾರಾಯ?"

ಮರುದಿನ ನಾನು ಲಿಂಬೆಹುಳಿ ಹಿಡಿದು ಹೋದೆ. ಹುಳಿ ಬಿದ್ದರೆ ಕೆಂಪು ಮತ್ತೆ ಹಳದಿ ಆಗುತ್ತದೆ ಎಂದು ಗೌತಮಿ ಹೇಳಿದ್ದಳು. ಆಯಿತು. ನನಗೆ ಸಂತೋಷ. ಒಣಗುವಾಗ ಪುನಃ ಕೆಂಪು. ಗೋಡೆಯಲ್ಲಿ ಸುಣ್ಣ ಇರುವಷ್ಟು ಹುಳಿ ನನ್ನಲ್ಲಿ ಇರಲಿಲ್ಲ. ಹಿಂಡಿದ ಲಿಂಬೆಯ ಕಡಿಗಳನ್ನು ಅಲ್ಲೇ ಮೂಲೆಯಲ್ಲಿ ಬಿಟ್ಟು ಬಂದೆ. ಅಷ್ಟರಲ್ಲಿ ಮಾಡಿನ ಹಂಚು ನೋಡಲು ನೀವು ಬಂದಿರಿ. ಹಂಚು ನೋಡಿದಿರೋ ಇಲ್ಲವೋ, ಕೆಂಪು ಕೈಗಳನ್ನು ನೋಡಿದಿರಿ, ಕೊಯ್ದ ಲಿಂಬೆ ನೋಡಿದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಚಪ್ಪಲಿ ಬಿಟ್ಟು ಓಡುತ್ತಿದ್ದೆ. ಆದರೆ ಓಡಿದ ಮೇಲೆ ಒಂದು ಮಾತು ಕೇಳುತ್ತಿದ್ದೆ. ನಿಮಗೆ ಕೇಳಬೇಕೆಂದು ಯಾಕೆ ತೋರಲಿಲ್ಲ?

ನಾವು ಸುಮ್ಮನೆ ಕೂರಲಿಲ್ಲ. ಭಜನಾ ಮಂದಿರದಲ್ಲಿ ಜಾಗ ಕೇಳಿದೆವು. ಅಲ್ಲಿಯ ಅಧ್ಯಕ್ಷರು, "ಇಲ್ಲಿ ಭಜನೆ ಮಾತ್ರ. ನಿಮ್ಮ ಪ್ರಯೋಗ ಎಲ್ಲ ಶಾಲೆಯಲ್ಲಿ ಮಾಡಿ" ಎಂದರು. ಶಾಲೆಯವರು, "ವೇಷ, ಬಣ್ಣ, ಆರತಿ ಎಲ್ಲ ವಿಜ್ಞಾನ ಹೇಗಾಗುತ್ತದೆ? ಅದಕ್ಕೆ ಸಾಂಸ್ಕೃತಿಕ ನಿಲಯ ಉಂಟಲ್ಲ" ಎಂದರು. ಮಂದಿರದವರಿಗೆ ನಾವು ವಿಜ್ಞಾನಿಗಳು, ಶಾಲೆಯವರಿಗೆ ಆಟದವರು, ತಮಗೆ ಮಂತ್ರವಾದಿಗಳು. ಮನೆಯವರಿಗೆ ಮಾತ್ರ ನಾವು ಎಂತ ಎಂದು ಸರಿಯಾಗಿ ಗೊತ್ತು, ಏಕಾದಶಿ ನೆಪದಲ್ಲಿ ಅಡಿಗೆ ತಪ್ಪಿಸುವವರು. ಕಲೆಗೆ ಒಂದು ಬಾಗಿಲು, ವಿಜ್ಞಾನಕ್ಕೆ ಒಂದು, ಸಂಸ್ಕೃತಿಗೆ ಒಂದು ಎಂದು ತಾವೆಲ್ಲ ಹಂಚಿಕೊಂಡಿದ್ದೀರಿ. ನಮ್ಮ ಅಡಿಗೆಕೋಣೆಗೆ ಇರುವುದು ಒಂದೇ ಬಾಗಿಲು. ಅರಸಿನ ಸಾರಿಗೂ ಅಲ್ಲಿಂದಲೇ, ದೇವರಿಗೂ ಅಲ್ಲಿಂದಲೇ, ಗೌತಮಿಯ ಬೋಗುಣಿಗೂ ಅಲ್ಲಿಂದಲೇ ಹೋದದ್ದು. ಯಾವ ಬಾಗಿಲಿನಲ್ಲಿ ನಿಂತು ಕೇಳಬೇಕಿತ್ತು ನಾವು?

ನನ್ನ ಉತ್ತರವನ್ನು ಇಲ್ಲಿಯೇ ಪೂರ್ತಿ ಹೇಳಿದರೆ ಮತ್ತೆ ಯಾರೂ ಕೇಳಲು ಬರಲಿಕ್ಕಿಲ್ಲ. ತುದಿ ಮಾತ್ರ ಹೇಳುತ್ತೇನೆ. ಮೊನ್ನೆ ಮೊಮ್ಮಗುವಿಗೆ ಜ್ವರ ಬಿಟ್ಟ ದಿನ ಕುರ್ದಿ ಸುಳಿದೆ. ಸುಣ್ಣ ಹಾಕುವಾಗ ಬಣ್ಣ ಯಾಕೆ ತಿರುಗುತ್ತದೆ ಎಂದು ಈ ಸಲ ಗೊತ್ತಿತ್ತು. ಗೊತ್ತಿದ್ದೂ ಕೈ ಮೊದಲಿನಷ್ಟೇ ಮೆಲ್ಲಗೆ ಸುಳಿಯಿತು, ಬಾಯಿ ಮೊದಲಿನ ದೇವರನ್ನೇ ಕರೆಯಿತು. ಹೆದರಿಕೆ ಮಾತ್ರ ಇರಲಿಲ್ಲ. ಭಕ್ತಿಯಿಂದ ಹೆದರಿಕೆಯನ್ನು ತೆಗೆದರೆ ಭಕ್ತಿ ಕಡಿಮೆಯಾಗುತ್ತದೋ, ಶುದ್ಧವಾಗುತ್ತದೋ? ಇದನ್ನು ಹತ್ತು ಜನ ಕೂತು ಮಾತಾಡಬೇಕೋ ಬೇಡವೋ, ತಾವೇ ಹೇಳಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಥ ಪ್ರಶ್ನೆ ಕೇಳಲು ಜಾಗ ಉಂಟು ಎಂದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೀಗ ಬಿತ್ತು.

ಇನ್ನು ನಿಮ್ಮ ಗೋಡೆ. ಅದಕ್ಕೂ ಮದ್ದು ಹುಡುಕಿದ್ದೇವೆ. ಬಾವಿಕಟ್ಟೆಗೆ ಸುಣ್ಣ ಬಳಿದು, ಒಣಗುವ ಮೊದಲೇ ಅದೇ ಅರಸಿನ ನೀರು ಚೆಲ್ಲಿದೆ. "ಪಂಚಾಯತಿನ ಗೋಡೆ ಸಾಲದೇ ನಿನಗೆ?" ಎಂದರು ಯಜಮಾನರು. ಗೌತಮಿ ಹೇಳಿದ ಹಾಗೆ ಅರ್ಧಕ್ಕೆ ಗೋಣಿ ಮುಚ್ಚಿದೆ, ಅರ್ಧ ಬಿಸಿಲಿಗೆ ಬಿಟ್ಟೆ. ಈಗ ಬಂದು ನೋಡಿ. ಬಿಸಿಲು ಬಿದ್ದ ಕಡೆ ಕೆಂಪು ಮಾಸಿ ಹೆಚ್ಚುಕಡಿಮೆ ಬಿಳಿ, ಗೋಣಿಯ ಅಡಿಯಲ್ಲಿ ಹಾಗೆಯೇ ಕೆಂಪು. ಅರಸಿನ ಹಿಡಿದ ಬಟ್ಟೆಯನ್ನು ಬಿಸಿಲಿಗೇ ಹಾಕು ಎಂದು ನನ್ನ ಅಮ್ಮ ಹೇಳುತ್ತಿದ್ದದ್ದು ಇದಕ್ಕೇ. ಬೆಳಕಿಗೆ ಆ ಬಣ್ಣ ನಿಲ್ಲುವುದಿಲ್ಲವಂತೆ. ಮಾನ್ಯರೇ, ನಿಲಯದ ಕಿಟಿಕಿಗಳು ಇರುವುದು ಮೂಡು ದಿಕ್ಕಿಗೆ. ತೆರೆದಿಟ್ಟರೆ ಬೆಳಗ್ಗಿನ ಬಿಸಿಲು ಸೀದಾ ಆ ಪಡುಗೋಡೆಗೆ. ನಮ್ಮ ಅಪರಾಧದ ಗುರುತನ್ನು ಇಷ್ಟು ಜೋಪಾನವಾಗಿ ಕಾಯುತ್ತಿರುವುದು ನಿಮ್ಮ ಬೀಗವೇ.

ಆದ್ದರಿಂದ ಕೇಳುವುದು ಹೆಚ್ಚೇನಿಲ್ಲ. ಬೀಗ ತೆಗೆಸಿ. ಕಿಟಿಕಿ ನಾವು ತೆರೆಯುತ್ತೇವೆ. ಮುಂದಿನ ಏಕಾದಶಿಗೆ ತಾವೂ ಬನ್ನಿ. ತಮಗೆ ಉಪವಾಸ ಇಲ್ಲದಿದ್ದರೆ ಉಪ್ಪಿಟ್ಟು ಉಂಟು, ಯಜಮಾನರಿಗೆ ಹೇಗೂ ಮಾಡಬೇಕು. ಅಂಚೆಯಲ್ಲಿ ಉತ್ತರ ಕಳುಹಿಸುವ ತೊಂದರೆ ಬೇಡ. ಹೊನ್ನಯ್ಯಣ್ಣನ ಮಗ ವಿಜೇತ್ ನಿಮ್ಮ ಕಚೇರಿಯ ಎದುರಿನ ಸ್ಟ್ಯಾಂಡಿನಲ್ಲೇ ರಿಕ್ಷಾ ಇಡುವುದು. ವಿಜೇತ್, ಪೇಪರಿನಲ್ಲಿ ಇದನ್ನು ಓದಿದರೆ ಒಂದು ಉಪಕಾರ ಮಾಡು ಮಾರಾಯ. ಮಧ್ಯಾಹ್ನ ಊಟಕ್ಕೆ ಬರುವಾಗ ಒಳಗೆ ಹೋಗಿ ನನಗೆ ಉತ್ತರ ಉಂಟೋ ಎಂದು ಕೇಳಿ ತಾ. ಕಾಗದ ಕೊಡದೆ ಬೀಗದ ಕೈ ಕೊಟ್ಟರೂ ಸಾಕು, ಅದನ್ನು ಓದಿ ಹೇಳಲು ಸೊಸೆ ಬೇಡ.

ಇಂತಿ,
ಬಾಯಿಪಾಠ ಮಾಡಿದ ಮಾತನ್ನು ಸಂಜೆ ದನಕ್ಕೆ ಹೇಳಲಿರುವ
ಶಂಕರಿ