ಕೆಂಪು ಮಣ್ಣಿನ ಮೆಂತೆಪಲ್ಯ

ಜೂನ್ 11, ಬುಧವಾರ. ಬೀದರ

ಇವತ್ತೂ ಅದೇ ಸರ್ವೆ, ಅದೇ ಉತ್ತರ. ಬೆಳಗಿನ ಬಜಾರಿನಲ್ಲಿ ಸೊಪ್ಪು ಮಾರುವ ಹೆಂಗಸರನ್ನು ಕೇಳಿದೆ — ಪಲ್ಯ ಎಲ್ಲಿಂದ ತರುತ್ತೀರಿ? "ಭಾಲ್ಕಿಯಿಂದ್ರಿ." ಪಕ್ಕದವಳು — ಭಾಲ್ಕಿ. ಅವಳ ಪಕ್ಕದವಳೂ. ಯಾರೋ ಹೇಳಿಕೊಟ್ಟ ಹಾಗೆ.

ಅವರಲ್ಲಿ ಹಿರಿಯಳು ಶಾಲುಬಾಯಿ. ನಾನು ಉತ್ತರ ಬರೆದುಕೊಳ್ಳುವ ಫೋನನ್ನೇ ಅವಳು ನೋಡುತ್ತಾಳೆ. ಉಳಿದವರು ಅವಳನ್ನು ನೋಡುತ್ತಾರೆ.

ಒಂದು ಕಟ್ಟು ಮೆಂತೆ ಕೊಂಡು ರೂಮಿಗೆ ಬಂದೆ. ಬೇರಿಗೆ ಹಸಿ ಮಣ್ಣು. ಕೆಂಪು. ಕೆಂಪು ಮಣ್ಣು ಬೀದರಿನ ಸುತ್ತಲದು. ಭಾಲ್ಕಿಯ ಹೊಲಗಳು ಕಪ್ಪು... ಸುಳ್ಳು ಹೇಳುತ್ತಿದ್ದಾರೆ. ಯಾಕೆ?

ಜೂನ್ 12

ಅಶೋಕಕುಮಾರ ಸಾಹೇಬರು ಕರೆದರು. ನಮ್ಮ ಯೋಜನಾ ಕಚೇರಿಯ ಮುಖ್ಯಸ್ಥರು. ಬೀದರಿನ ಹೊಸ ಮಾಸ್ಟರ್ ಪ್ಲಾನಿನಲ್ಲಿ ಊರಿನ ಊಟಕ್ಕೂ ಜಾಗ ಇರಬೇಕು ಅನ್ನುತ್ತಾರೆ. ಕಾಯಿಪಲ್ಯ ಎಲ್ಲಿ ಬೆಳೆಯುತ್ತದೆ, ಎಲ್ಲಿ ಮಾರಾಟವಾಗುತ್ತದೆ — ಪತ್ತೆ ಮಾಡುವುದು ನನ್ನ ಕೆಲಸ. ಕಾಂಟ್ರಾಕ್ಟ್ ಮೇಲೆ.

"ಕರುಣಾ, ಊರ ಬಾಜೂಕ ಯಾರರ ಪಲ್ಯ ಬೆಳೀಲತ್ತಾರೇನ್ರಿ? ಜಾಗಾ ಗೊತ್ತಾದ್ರ ನನಗಷ್ಟೇ ಹೇಳ್ರಿ. ಆಫೀಸಿನಾಗ ಬ್ಯಾರೆ ಯಾರಿಗೂ ಬ್ಯಾಡ."

ನನಗಷ್ಟೇ. ಯಾಕೆ ಅವರಿಗಷ್ಟೇ?

ಜೂನ್ 14. ಭಾಲ್ಕಿ

ಬೆಳೆ ಕೊಂಡು ಮಾರುವ ಅಡತಿ ಅಂಗಡಿಯ ವಿಶ್ವಾಸ ನಕ್ಕ. "ಇಲ್ಲಿಂದ ಬೀದರಕ್ಕ ಮೆಂತೆಪಲ್ಯಾ? ನಮ್ಮಲ್ಲಿ ತೊಗರಿ ಕೇಳ್ರಿ, ಉದ್ದು ಕೇಳ್ರಿ, ಕಬ್ಬು ಕೇಳ್ರಿ. ಪಲ್ಯ ಬೀದರಿಂದೇ ಇಲ್ಲಿಗಿ ಬರ್ತದ್ರಿ." ಇವನ ಮಾತನ್ನಾದರೂ ನಂಬಲೇ? ನಂಬದಿರಲು ಕಾರಣ ಸಿಗಲಿಲ್ಲ.

ಜೂನ್ 15, ರವಿವಾರ. ಔರಾದ

ಅವ್ವನ ಮನೆ. ಜೋಳದ ರೊಟ್ಟಿ, ಪುಂಡಿಪಲ್ಯ. ಪಲ್ಯ ಎಲ್ಲಿಯದು ಅಂದೆ. "ಬೀದರದ್ದು. ಬಸ್ಸಿನಾಗ ಬರ್ತದಲಾ. ಊಟ ಮಾಡೋದ್ ಬಿಟ್ಟು ಇದೇನ್ ಪೊಲೀಸ್ರಂಗ ಕೇಳಲತ್ತೀದಿ?"

ಜೂನ್ 17

ಮಾರಾಟ ಮುಗಿಸಿ ಹೊರಟ ಶಾಲುಬಾಯಿಯ ಹಿಂದೆ ಹೋದೆ. ನಾಚಿಕೆಯಾಯಿತು, ಆದರೂ ಹೋದೆ. ಹೊಸ ಲೇಔಟಿನ ಮನೆಗಳ ಹಿಂದೆ ಇಳಿಜಾರು. ಕೆಳಗೆ ಒಂದು ಹಳೆಯ ಬಾವಿ. ಸುತ್ತ ಮಡಿಗಳು — ಮೆಂತೆ, ಪಾಲಕ, ಪುಂಡಿ, ರಾಜಗಿರಿ. ಕಣ್ಣು ಹಾಯುವಷ್ಟು ದೂರ. ಬೀದರಿನಲ್ಲಿ ಇಷ್ಟು ವರ್ಷ ಇದ್ದೂ ನೋಡಿರಲಿಲ್ಲ.

ಎಂದೋ ಲೇಔಟಿಗೆಂದು ಸರ್ಕಾರ ತೆಗೆದುಕೊಂಡು ಹಾಗೇ ಬಿಟ್ಟ ಜಮೀನು. ಮೊದಲು ಉಳುತ್ತಿದ್ದವರೇ ಈಗಲೂ ಉಳುತ್ತಿದ್ದಾರೆ.

ಶಾಲುಬಾಯಿ ತಿರುಗಿ ನಿಂತಳು. ಅವಳಿಗೆ ಗಾಬರಿಯಾಗಲಿಲ್ಲ.

"ಯಾರಿಗಿ ಹೇಳ್ತಿ?"

"ಯಾರಿಗೂ ಇಲ್ಲ."

"ಮತ್ತ್ಯಾಕ ಬಂದಿ?"

ಫೋನ್ ತೆಗೆದು ಚೀಲದೊಳಗಿಟ್ಟೆ.

"ನಮ್ಮ ಮಾವ ತೋಡಿದ ಬಾವಿ ಇದು. ಹಿಂದ ಒಬ್ಬ ನಿನ್ನಂಗೇ ನಕ್ಕೋತ ಬಂದು ಬರಕೊಂಡ್ ಹೋದ. ಎರಡು ದಿನಕ್ಕ ಜೆಸಿಬಿ ಬಂತು. ಆ ಕಡಿ ಮಡಿ ಎಲ್ಲಾ ಹೋದ್ವು."

ಜೂನ್ 18

ಸಾಹೇಬರು ಮತ್ತೆ ಕೇಳಿದರು. ಬಾಗಿಲು ಮುಚ್ಚಿ ಕೇಳಿದರು. ಟೇಬಲ್ ಮೇಲೆ ಆ ಲೇಔಟಿನ ನಕ್ಷೆಯನ್ನೇ ಬಿಚ್ಚಿಟ್ಟಿದ್ದರು. ಇವರಿಗೂ ಆ ಲೇಔಟ್ ಕಟ್ಟುವ ಬಿಲ್ಡರಿಗೂ ಏನೋ ಇದೆ.

"ಭಾಲ್ಕಿಯಿಂದ ಬರ್ತದ್ರಿ, ಸರ್" ಅಂದೆ. ರಿಪೋರ್ಟಿನಲ್ಲೂ ಅದನ್ನೇ ಹಾಕಿದೆ. ಮನಸ್ಸು ಹಗುರ.

ಜುಲೈ 29

ಮಾಸ್ಟರ್ ಪ್ಲಾನಿನ ಕರಡು ನಕ್ಷೆ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಬಾವಿಯ ಜಾಗ ಹಳದಿ. ಹಳದಿ ಅಂದರೆ ಮನೆಗಳು, ಹಸಿರು ಅಂದರೆ ಹೊಲ.

ಸಾಹೇಬರ ಕೋಣೆಗೆ ನೇರ ಹೋದೆ. ಜಗಳಕ್ಕೇ ಹೋದೆ. ಅಲ್ಲಿ ಪಲ್ಯ ಬೆಳೆಯುತ್ತಾರೆ, ನಿಮಗೆ ಗೊತ್ತಿತ್ತು, ಅದಕ್ಕೇ ಕೇಳುತ್ತಿದ್ದಿರಿ ಅಂದೆ.

ಸಾಹೇಬರು ಎದ್ದು ಬಾಗಿಲು ಮುಚ್ಚಿದರು. ಆಮೇಲೆ: "ಗುಮಾನಿ ಇತ್ತು. ಗೊತ್ತಿರಲಿಲ್ಲ. ಹೆಂಗಸರು ನಿಮ್ಮ ಮುಂದರ ಹೇಳ್ತಾರಂತ ಕಾಯಲತ್ತಿದ್ದೆ. ಬೆಳೀತಾರಂತ ರಿಪೋರ್ಟ್ ಇದ್ರ ಹಸಿರು ಹಾಕ್ತಿದ್ದೆ. ಖಾಲಿ ಜಾಗಕ್ಕ ಹಸಿರು ಹಾಕಂದ್ರ ಮೀಟಿಂಗಿನಾಗ ಯಾರ್ ಒಪ್ತಾರ್ರಿ? ನನಗಷ್ಟೇ ಹೇಳ್ರಿ ಅಂದಿದ್ದು, ಬಿಲ್ಡರಿಗಿ ಸುದ್ದಿ ಹೋದ್ರ ಮೊದಲೇ ಬೇಲಿ ಹಾಕ್ತಾರಂತ."

ಕೂತುಬಿಟ್ಟೆ.

"ತಕರಾರು ಕೇಳೋ ಸಭಾ ಅದ. ಬೆಳೆಯೋರೇ ಬಂದು ಹೇಳಬೇಕು. ನೀವು ಹೇಳಿದ್ರ ಆಗಲ್ಲ."

ಇದೂ ನಾಟಕವೇ? ಬೆಳೆಯುವವರನ್ನೆಲ್ಲ ಒಂದು ಕಡೆ ಕರೆಸಿ, ಹೆಸರು ತೆಗೆದುಕೊಂಡು... ಏನೂ ತಿಳಿಯದು.

ಜುಲೈ 31. ಬಾವಿಯ ಹತ್ತಿರ

ಎಲ್ಲ ಹೇಳಿದೆ. ನಾನು ಭಾಲ್ಕಿ ಅಂತ ಬರೆದದ್ದು, ಅದರಿಂದ ಆದದ್ದು, ಸಭೆಗೆ ಅವರೇ ಬರಬೇಕಾದದ್ದು. ಶಾಲುಬಾಯಿ ಕಳೆ ಕೀಳುತ್ತಲೇ ಕೇಳಿದಳು.

"ನಿನ್ನ ಸಾಹೇಬ ಖರೇ ಮನಶ್ಯಾನಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ" ಅಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಆಗಸ್ಟ್ 12. ಸಭೆ

ಬಿಲ್ಡರ್ ಕಡೆಯವರು ಮುಂದಿನ ಕುರ್ಚಿ ಹಿಡಿದಿದ್ದರು. ನಮ್ಮವರು ಒಬ್ಬರೂ ಇಲ್ಲ. ಇನ್ನೇನು ಮುಗಿಯಬೇಕು — ಬಾಗಿಲಲ್ಲಿ ಶಾಲುಬಾಯಿ. ಹಿಂದೆ ಎಲ್ಲರೂ, ಬುಟ್ಟಿ ಸಮೇತ. ಬಜಾರಿನಿಂದ ನೇರ ಬಂದಿದ್ದರು.

"ನಮ್ಮ ಜಾಗಾ ಖಾಲಿ ಇಲ್ಲ. ನೀವ್ ನಿನ್ನಿ ಉಂಡ ಪಲ್ಯ ಅಲ್ಲೀದು" ಅಂದಳು. ಹೆಸರು ಕೇಳಿದರು. ಬುಟ್ಟಿ ಕೆಳಗಿಟ್ಟು, ಪೂರ್ತಿ ಹೆಸರು ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಅವಳಿಗೆ ಏನಾದರೂ ಆದರೆ ನನ್ನಿಂದ.

ಆಗಸ್ಟ್ 14

ಜೆಸಿಬಿ ಬಂದಿಲ್ಲ. ಹೋಗಿ ನೋಡಿ ಬಂದೆ.

ಡಿಸೆಂಬರ್ 3. ಬಾವಿಯ ಹತ್ತಿರ, ಮಧ್ಯಾಹ್ನ

ತಿದ್ದಿದ ನಕ್ಷೆ ಬಂದು ವಾರವಾಯಿತು. ಬಾವಿ, ಮಡಿ — ಹಸಿರು. ಬಜಾರಿಗೂ ಲೇಔಟಿನಲ್ಲೇ ಒಂದು ಜಾಗ. ಆದರೆ ಬೆಳಿಗ್ಗೆ ಶಾಲುಬಾಯಿ ಫೋನ್: ಬಾವಿಯ ಹೊಲಕ್ಕೆ ಹೋಗುವ ದಾರಿಗೆ ಬಿಲ್ಡರ್ ಅಡ್ಡ ಗೋಡೆ ಕಟ್ಟಿಸುತ್ತಿದ್ದಾನೆ. ಬಂದು ನೋಡಿದರೆ ಗೋಡೆಯ ನಡುವೆ ಉಳಿದ ಸಂದಿನಲ್ಲಿ ಅವಳು ಕೂತಿದ್ದಳು. ಗೋಡೆ ಕಟ್ಟುವ ಗೌಂಡಿಗಳು ಬೀಡಿ ಸೇದುತ್ತ ನಿಂತಿದ್ದರು.

ಸಾಹೇಬರಿಗೆ ಫೋನ್ ಮಾಡಿದೆ. ಬರ್ತೇನಿ ಅಂದರು. ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಬಂದರು. ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿ ಕಾಂಟ್ರಾಕ್ಟರನನ್ನು ನಿಲ್ಲಿಸಿಕೊಂಡರು. ದಾರಿ ಬಿಡಬೇಕು, ಬಂಡಿ ಹೋಗುವಷ್ಟು. ಕಟ್ಟಿದ್ದನ್ನು ಈಗ ಗೌಂಡಿಗಳೇ ಒಡೆಯುತ್ತಿದ್ದಾರೆ.

ಮುಗಿಯುವವರೆಗೆ ಶಾಲುಬಾಯಿ ಇಲ್ಲಿಂದ ಏಳುವುದಿಲ್ಲವಂತೆ. ನಾನೂ ಕೂತಿದ್ದೇನೆ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಅವಳು ಆಗಿನಿಂದ ನನ್ನ ಪೆನ್ನನ್ನೇ ನೋಡುತ್ತಿದ್ದಾಳೆ.

"ಏನ್ ಬರೀಲತ್ತೀದಿ?"

"ನಿಮ್ಮ ಸುದ್ದಿ."

"ಓದು."

ಯಾರಿಗೂ ಓದಿ ಹೇಳಿದವಳಲ್ಲ ನಾನು. ಅವಳು ಬುಟ್ಟಿ ಬದಿಗಿಟ್ಟು ಹತ್ತಿರ ಸರಿದು ಕೂತಳು. ಓದ್ತೇನಿ ಅಂದೆ. ಈ ಸಾಲು ಮುಗಿಸಿ—