ಆಟ ನೋಡದವಳ ನೆನಪು

ಮಾಳಮಡ್ಡಿ, ಧಾರವಾಡ
೧೬ ನವೆಂಬರ್ ೨೦೨೫

ಚಿ. ಸೌ. ಮಾನಸಿ,

ಹೇಗಿದ್ದೀ? ಅಪ್ಪನ ಸನ್ಮಾನದ ಸುದ್ದಿ ಬರೆಯಲು ಇಷ್ಟು ತಡವಾಯಿತು, ಬೇಸರ ಮಾಡಿಕೋಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಎಪ್ಪತ್ತಾದರೂ ಕಿವಿ ಮಾತ್ರ ಚುರುಕು.

ಬೈರಿದೇವರಕೊಪ್ಪದ ಸಭಾಭವನ ತುಂಬಿಹೋಗಿತ್ತು. ಅವರು ಫುಟ್‌ಬಾಲ್ ಬಿಟ್ಟು ಇಷ್ಟು ವರ್ಷವಾದ ಮೇಲೂ ಅಷ್ಟು ಜನ ಬಂದಾರೆಂದು ನಾನು ಎಣಿಸಿರಲಿಲ್ಲ. ಭಾಷಣ ಬೇಡ, ಒಬ್ಬೊಬ್ಬರೂ ಬಾಳಣ್ಣನ ಆಟದ ಒಂದು ನೆನಪು ಹೇಳಲಿ ಎಂದು ನಿಶ್ಚಯವಾಗಿತ್ತು. ಕೆಸರಿನಲ್ಲಿ ಎಲ್ಲರೂ ಚೆಂಡಿನ ಮೇಲೆ ಬಿದ್ದು ಒದ್ದಾಡುವಾಗ ನಿನ್ನ ಅಪ್ಪ ಮಾತ್ರ ತಲೆ ಎತ್ತಿ ನೋಡಿ, ಆಚೆ ತುದಿಯಲ್ಲಿ ಒಬ್ಬನೇ ನಿಂತವನ ಕಾಲಿಗೆ ಚೆಂಡು ಮುಟ್ಟಿಸಿದ್ದರಂತೆ. ಆಗ ಇವರ ಜೊತೆ ಆಡುತ್ತಿದ್ದ, ಈಗ ತಾರಿಹಾಳದಲ್ಲಿ ವರ್ಕ್‌ಶಾಪ್ ಇಟ್ಟಿರುವ ಮಡಿವಾಳಪ್ಪ ಅದನ್ನು ಒದ್ದೇ ತೋರಿಸಿದ. ಅವನ ಚಪ್ಪಲಿ ಹಾರಿ ಹೂಮಾಲೆಯ ತಟ್ಟೆಗೆ ಬಿತ್ತು. ಎಲ್ಲರೂ ನಕ್ಕೆವು.

ಮೈದಾನದ ಗೇಟಿನಲ್ಲಿ ಚಹಾ ಮಾರುತ್ತಿದ್ದ ಮಾಬೂಬಿ ಬೇರೆಯೇ ಹೇಳಿದಳು. ಫೈನಲ್ ಸೋತ ದಿನ ಜನರೆಲ್ಲ ಹೋದ ಮೇಲೆ ಇವರು ಅವಳ ಗಾಡಿಯ ಹತ್ತಿರ ನಿಂತು, ತಪ್ಪು ನನ್ನದೇ ಎಂದು ಕಣ್ಣೀರು ಹಾಕಿದ್ದರಂತೆ. ಆ ದಿನ ನನ್ನ ಮುಂದೆ ಊಟ ಒಲ್ಲೆ ಎಂದಷ್ಟೇ ಹೇಳಿದ್ದರು. ಖರೇ ಹೇಳುತ್ತೇನೆ, ಮಾಬೂಬಿಯನ್ನು ಕಂಡು ಹೊಟ್ಟೆಕಿಚ್ಚಾಯಿತು.

ಆಮೇಲೆ ಮೈಕು ನನ್ನ ಕೈಗೆ ಬಂತು. ಏನು ಹೇಳಲಿ? ಮಗ ಆಡುವಷ್ಟು ಹೊತ್ತು ದೇವರ ಮುಂದಿನ ದೀಪ ಆರಬಾರದು, ಅದನ್ನು ಕಾಯುವುದು ಸೊಸೆಯ ಕೆಲಸ ಎಂಬುದು ನಿನ್ನ ಅಜ್ಜಿಯ ಕಟ್ಟಳೆ. ಗೆದ್ದರೆ ದೀಪದ ಪುಣ್ಯ. ಸೋತರೆ ನಾನು ಎಣ್ಣೆ ಹಾಕಲು ಮರೆತೆನೆಂಬ ಮಾತು. ಇವರು ಒಂದು ಸಲವಾದರೂ ಕರೆದಾರು, ಆಗ ಅತ್ತೆಯವರೂ ಒಪ್ಪಿಯಾರು ಎಂದು ಕಾಯುತ್ತಿದ್ದೆ. ಬಾಯಿ ಬಿಟ್ಟು ಕೇಳಲು ಮಾತ್ರ ಧೈರ್ಯ ಬರಲಿಲ್ಲ. ಅತ್ತೆ ತೀರಿಕೊಳ್ಳುವ ಹೊತ್ತಿಗೆ ಇವರ ಮೊಣಕಾಲು ಹೋಗಿ ಆಟವೂ ನಿಂತಿತ್ತು.

"ನಾ ಇವರ ಆಟ ಒಂದ ಸಲಾನೂ ನೋಡಿಲ್ರಿ. ಮನ್ಯಾಗ ದೀಪಾ ಕಾಯತಿದ್ದೆ," ಎಂದೆ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಯಾರೋ ಮಹಾಸತಿ ಎಂದೂ ಅಂದರು. ನಿನ್ನ ಅಪ್ಪ ತಟ್ಟಲಿಲ್ಲ. ನನ್ನನ್ನೇ ನೋಡುತ್ತ ಕೂತರು.

ಉಳಿದಂತೆ ಎಲ್ಲ ಛಲೋ. ಶಾಲು ನಾಲ್ಕು ಬಂದಿವೆ, ಒಂದು ನಿನಗೆ ತೆಗೆದಿಟ್ಟಿದ್ದೇನೆ. ಅಳಿಯಂದಿರಿಗೂ ನಿನಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನು ನಗುನಗುತ್ತ ಇಟ್ಟಿರಲಿ.

ನಿನ್ನ ಆಯಿ,
ಮೃಣಾಲಿನಿ

ತಾ.ಕ.: ಮನೆಗೆ ಬರುವಾಗ ಕಾರಿನಲ್ಲಿ ನಿನ್ನ ಅಪ್ಪ ಮೆಲ್ಲಗೆ ಕೇಳಿದರು: "ನಿನಗ ಆಟ ಸೇರೂದಿಲ್ಲಂತ ಅವ್ವ ಹೇಳತಿದ್ಲಲ್ಲ?" ಹಿರಿಯರ ಮುಂದೆ ಹೆಂಡತಿಯನ್ನು ಕರೆಯಲು ಸಂಕೋಚವಾಗಿ, ಪ್ರತಿ ಮ್ಯಾಚಿಗೂ ನನ್ನ ಟಿಕೀಟನ್ನು ಅಜ್ಜಿಯ ಕೈಗೇ ಕೊಡುತ್ತಿದ್ದರಂತೆ. ಪ್ರತಿ ಸಲವೂ ಅಜ್ಜಿ, "ಆಕಿ ಒಲ್ಲೆ ಅಂತಾಳಪಾ" ಅನ್ನುತ್ತಿದ್ದರಂತೆ. ಒಲ್ಲದವಳಿಗೆ ಒತ್ತಾಯ ಯಾಕೆಂದು ಇವರೂ ಸುಮ್ಮನಾದರಂತೆ. ನಾನು ಒಂದು ಟಿಕೀಟನ್ನೂ ಕಂಡಿಲ್ಲ, ಮಾನಸಿ. ನೀನು ಅಜ್ಜಿಯ ಮೇಲೆ ಸಿಟ್ಟಾಗಬೇಡ, ನಿನ್ನನ್ನು ಎತ್ತಿ ಆಡಿಸಿದವರು. ಆ ಸಿಟ್ಟು ನನ್ನದು, ನನಗೇ ಬಿಡು.