ನೀರು ಇಳಿಯುವ ಭಾನುವಾರ

ಸೋಮವಾರ, ಬೆಳಿಗ್ಗೆ
ಅಡುಗೆಮನೆಯ ಮೇಜಿನಿಂದ

ಊರಿಗೆಲ್ಲ ಸಿಸ್ಟರ್ ಆಗಿ ನನಗೊಬ್ಬನಿಗೆ ಹೆಂಡತಿಯಾದವಳೇ,

ಹೇಗಿದ್ದೀಯ? ಒಂದೇ ಮನೆಯಲ್ಲಿದ್ದು, ಒಂದೇ ಹಾಸಿಗೆಯಲ್ಲಿ ಪಾಳಿಯ ಪ್ರಕಾರ ಮಲಗುವವರು ಹೀಗೆ ಕ್ಷೇಮ ವಿಚಾರಿಸಿಕೊಳ್ಳುವುದನ್ನು ಕಂಡರೆ ಜನ ನಕ್ಕಾರು. ನಗಲಿ. ನೀನು ಆಸ್ಪತ್ರೆಯ ಹಗಲು ಪಾಳಿ, ನಾನು ಪತ್ರಿಕೆಯ ರಾತ್ರಿ ಪಾಳಿ. ನೀನು ಚಪ್ಪಲಿ ಮೆಟ್ಟುವ ಹೊತ್ತಿಗೆ ನಾನು ಕಳಚುತ್ತೇನೆ. ಸೂರ್ಯ ಚಂದ್ರರ ಸಂಸಾರ ನಮ್ಮದು. ಒಟ್ಟಿಗೆ ಸಿಕ್ಕಿದ ದಿನ ಗ್ರಹಣವೇ ಹಿಡಿಯುತ್ತದೆ, ಇಬ್ಬರಲ್ಲೊಬ್ಬರಿಗೆ ಜ್ವರ.

ಉತ್ತರ ತಡವಾಯಿತು, ಕ್ಷಮಿಸು. 'ಬಂಡೆಗಳ ಕಡಲಿಗೆ ಯಾವಾಗ?' ಎಂದು ನೀನು ಬರೆದು ಚಹಾ ಡಬ್ಬಿಯ ಕೆಳಗಿಟ್ಟದ್ದು ಹೋದ ತಿಂಗಳು. ಅಂಚೆಯವನ ಮೇಲೆ ಹಾಕೋಣವೆಂದರೆ, ಒಲೆಯಿಂದ ಹಾಸಿಗೆಯವರೆಗೆ ಅಂಚೆ ತಡವಾಯಿತೆಂದರೆ ನೀನು ನಂಬುವವಳಲ್ಲ. ಆಮೇಲೆ ಬಂದ ಚೀಟಿಗಳಲ್ಲಿ 'ಗ್ಯಾಸ್ ಮುಗಿದಿದೆ', 'ಹಾಲು ಒಡೆದಿದೆ', 'ನಲ್ಲಿ ಸೋರುತ್ತಿದೆ'. ಕಡಲಿನ ಸುದ್ದಿ ಇರಲಿಲ್ಲ. ಸೋರುವ ನಲ್ಲಿಯಲ್ಲೇ ತೃಪ್ತಿಪಟ್ಟುಕೊಂಡೆಯೇನೋ ಅಂದುಕೊಂಡೆ.

ಈಗ ಸುದ್ದಿ. ನನಗೆ ರಜೆ ಸಿಕ್ಕಿದೆ! ಬರುವ ಭಾನುವಾರ.

ನಮ್ಮ ಮುಖ್ಯಸ್ಥರನ್ನು ನಾವೆಲ್ಲ ಪೂರ್ಣವಿರಾಮ ಎಂದು ಕರೆಯುವುದು ನಿನಗೆ ಗೊತ್ತೇ ಇದೆ. ಯಾರು ಏನು ಕೇಳಿದರೂ ಅಲ್ಲಿಗೆ ಮಾತು ಮುಗಿಸುವ ಮಹಾನುಭಾವ. ಪೂರ್ಣವಿರಾಮದ ಹತ್ತಿರ ಅಲ್ಪವಿರಾಮ ಕೇಳಲು ಹೋದೆ.

"ಸಾರ್, ಭಾನುವಾರ ರಜೆ ಬೇಕಿತ್ತು."

"ಯಾಕೆ, ಯಾರು ಹೋದ್ರು?"

"ಯಾರೂ ಹೋಗಿಲ್ಲ ಸಾರ್. ನಾವೇ ಹೋಗೋಣ ಅಂತ. ಸಮುದ್ರಕ್ಕೆ."

"ಸಮುದ್ರ ಏನು ಓಡಿಹೋಗುತ್ತೇನ್ರೀ?"

"ದಿನಾ ಎರಡು ಸಲ ಓಡಿಹೋಗುತ್ತೆ ಸಾರ್. ನಮ್ಮ ಪೇಪರಲ್ಲೇ ಬರುತ್ತಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆ ಹವಾಮಾನದ ಮೂಲೆಯ ಉಬ್ಬರ ಇಳಿತದ ಪಟ್ಟಿಯನ್ನು ದಿನವೂ ತಿದ್ದುವವನು ನಾನೇ. ಇಡೀ ಜಿಲ್ಲೆಯಲ್ಲಿ ಅದನ್ನು ಓದುವವರು ಮೀನುಗಾರರು ಮತ್ತು ನಾನು. ಕಡಲು ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ ಎನ್ನುವುದು ಬಾಯಿಪಾಠ. ಹೆಂಡತಿಯದು ಮಾತ್ರ ಅಂದಾಜು. "ಹೋಗಿ ಬನ್ನಿ, ಆದ್ರೆ ಸೋಮವಾರ ಕಣ್ಣು ಕೆಂಪಗೆ ಮಾಡ್ಕೊಂಡು ಬರಬೇಡಿ" ಅಂದರು. ಈಗೇನು ಬೆಳ್ಳಗಿವೆಯಾ ಅಂತ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತದೆ. ದಡದಲ್ಲಿ ಗೂಡಂಗಡಿ ಇಟ್ಟಿರುವವನಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ. ಬೀರುವಿನ ಬಾಗಿಲಿಗೆ ನೀನು ನಮ್ಮ ಪುರವಣಿಯಿಂದ ಕತ್ತರಿಸಿ ಅಂಟಿಸಿದ ಚಿತ್ರ ಇದೆಯಲ್ಲ, ಆ ಕಮಾನಿನ ಬಂಡೆಯ ಕೆಳಗೆ ನಡೆದೇ ಹೋಗಬಹುದಂತೆ. ಆಚೆಗೆ ತಲೆಗೆ ತಲೆ ಕೊಟ್ಟು ಗುಟ್ಟು ಮಾತಾಡುವ ಹಾಗೆ ನಿಂತ ಎರಡು ಬಂಡೆಗಳು, ನಡುವೆ ಮೊಣಕಾಲುದ್ದ ಕೊಳಗಳು, ಅವುಗಳಲ್ಲಿ ಕಡಲು ಮರೆತುಹೋದ ಪುಟ್ಟ ಮೀನುಗಳು. "ನೀರು ವಾಪಸ್ ಹೊರಡೋದ್ರೊಳಗೆ ನೀವು ವಾಪಸ್ ಹೊರಡಿ ಸಾರ್. ಅದು ಹಾರ್ನ್ ಹೊಡ್ಕೊಂಡು ಬರಲ್ಲ" ಅಂದ. "ನಮ್ಮವಳೂ ಹಾಗೇ ಕಣಯ್ಯ" ಅಂದೆ. ನಕ್ಕ. ಮದುವೆಯಾದವನಿರಬೇಕು.

ಬೆಳಗಿನ ಮೊದಲ ಬಸ್ಸಿಗೆ ಹೊರಡೋಣ. ದಾರಿಯಲ್ಲಿ ಇಬ್ಬರೂ ನಿದ್ದೆ ಮಾಡುವುದು ಖಂಡಿತ. ಎಷ್ಟೋ ಕಾಲದ ಮೇಲೆ ಒಟ್ಟಿಗೆ ನಿದ್ದೆ ಮಾಡಿದ ಪುಣ್ಯವಾದರೂ ಬರಲಿ. ಆಸ್ಪತ್ರೆಯ ಬಿಳಿ ಷೂ ಹಾಕಬೇಡ, ಪಾಚಿಯಲ್ಲಿ ಜಾರುತ್ತದಂತೆ. ಹಳೇ ರಬ್ಬರ್ ಚಪ್ಪಲಿ ಸಾಕು. ಕಲ್ಲು ನೀರು ಕರಗುವ ಹೊತ್ತಿನಲ್ಲಿ ದುಡಿಯುವವನಿಗೆ ಕರಗದ ಕಲ್ಲುಗಳನ್ನು ಹಗಲು ಹೊತ್ತು ನೋಡುವ ಆಸೆ, ಅಷ್ಟೇ.

ನಿಜ ಹೇಳಬೇಕೆಂದರೆ ದಣಿದಿದ್ದೇನೆ ಕಣೇ. ನಿನ್ನ ಕಾಲಿಗೆ ದಿನವೂ ಉಬ್ಬರ, ನನ್ನ ಕಣ್ಣಿಗೆ ದಿನವೂ ಇಳಿತ. ನಿನ್ನೆ ಬೆಳಿಗ್ಗೆ ಮನೆಗೆ ಬಂದು, ನೀನು ಬಿಟ್ಟುಹೋದ ದಿಂಬಿನ ತಗ್ಗಿನಲ್ಲಿ ತಲೆಯಿಟ್ಟೆ. ಇನ್ನೂ ಬೆಚ್ಚಗಿತ್ತು. ಸಂಸಾರ ಅಂದರೆ ಇಷ್ಟೇನಾ ಅನ್ನಿಸಿತು. ಆಮೇಲೆ ನಿದ್ದೆ ಬಂತು. ದಣಿದವನಿಗೆ ವೈರಾಗ್ಯಕ್ಕೂ ಪುರಸೊತ್ತಿಲ್ಲ.

ಇವತ್ತೇ ನಿಮ್ಮ ಮೇಟ್ರನ್ ಹತ್ತಿರ ಕೇಳು. ನಿನ್ನ ರಜೆ, ನನ್ನ ರಜೆ, ಸಮುದ್ರದ ರಜೆ ಮೂರೂ ಒಂದೇ ದಿನ ಬೀಳುವುದು ಮತ್ತೆ ಯಾವಾಗಲೋ. ಹೌದು ಅಥವಾ ಇಲ್ಲ, ಒಂದೇ ಪದ ಬರೆದು ಡಬ್ಬಿಯ ಕೆಳಗಿಡು. ತಪ್ಪಿದ್ದರೂ ತಿದ್ದುವುದಿಲ್ಲ.

ನಿನ್ನ ವಾರ್ಡಿನ ಗಂಟೆಗಳು ಇವತ್ತು ಬಾಯಿಮುಚ್ಚಿಕೊಂಡಿರಲಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗಲಿ, ನಿನಗೆ ಅಖಂಡ ನಿದ್ರಾ ಪ್ರಾಪ್ತಿರಸ್ತು.

ಇತಿ,
ನಿನ್ನ ರಾತ್ರಿ ಪಾಳಿಯವನು

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಗುರುವಾರ ಬೆಳಿಗ್ಗೆ ನೀನು ಯೂನಿಫಾರಂ ಹಾಕಿಕೊಂಡು ಹೊರಟ ಮೇಲೆ ನೋಡಿದರೆ, ನಿನ್ನ ಓದುವ ಕನ್ನಡಕ ಇಲ್ಲೇ ಇತ್ತು. ಔಷಧಿ ಶೀಸೆಯ ಮೇಲಿನ ಅಕ್ಷರ ಹೇಗೆ ಓದುತ್ತಾಳೋ ಅಂತ ಮಲಗದೆ ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಗೇಟಿನ ಕಾವಲುಗಾರ, "ಸಿಸ್ಟರ್‌ಗೆ ಇವತ್ತು ರಜೆ ಅಲ್ವಾ ಸಾರ್? ಹೇಳ್ಲಿಲ್ವಾ?" ಅಂದ. "ಅಯ್ಯೋ, ಮರ್ತೇಬಿಟ್ಟೆ ನೋಡು" ಅಂತ ನಗೆಯಾಡಿ ವಾಪಸ್ ಬಂದು, ಕನ್ನಡಕ ಇದ್ದಲ್ಲೇ ಇಟ್ಟೆ.

ಸಾಯಂಕಾಲ ನೀನು ಬಂದು, "ಇವತ್ತು ವಾರ್ಡಲ್ಲಿ ಕೂರೋಕೆ ಬಿಡ್ಲಿಲ್ಲ ರೀ" ಅಂದೆ. ನಾನು ಕೆಲಸಕ್ಕೆ ಹೊರಡುವ ಮುಂಚೆ ನಿನ್ನ ಕಾಲು ಒತ್ತಿದೆ. ಬೆರಳ ಸಂದಿಯಲ್ಲಿ ಸಣ್ಣ ಮರಳು, ಒಂದು ಚಿಪ್ಪಿನ ಚೂರು. ನೀನು ಕಣ್ಣು ಮುಚ್ಚಿದ್ದೆ.

ಕಡಲಿಗೆ ಒಬ್ಬಳೇ ಹೋಗಿದ್ದೆ ಅಂತ ನಿನ್ನ ಮುಖವೇ ಹೇಳುತ್ತಿತ್ತು. ಯಾರ ಜೊತೆಗಾದರೂ ಹೋಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಆ ಗುರುವಾರ ಬಸ್ಸಿರುವ ಹೊತ್ತಿನಲ್ಲೆಲ್ಲ ಅಲ್ಲಿ ಉಬ್ಬರವಿತ್ತು ಕಣೇ. ಕಮಾನೂ ಇಲ್ಲ, ಕೊಳವೂ ಇಲ್ಲ, ಎಲ್ಲ ಮುಳುಗಿದ್ದವು. ಅಷ್ಟು ದೂರ ಹೋಗಿ ಬರೀ ನೀರು ನೋಡಿ ಬಂದೆಯಾ? ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಕರೆಯಬಾರದಿತ್ತೇನೇ?